ಲಕ್ಷ್ಮಿಕಾಂತನ ಆರೋಗ್ಯವಂತ ರಕ್ತ

ಲಿಂಗಸೂಗೂರು ಕಡೆಯ ಹಳ್ಳಿಯೊಂದರಿಂದ ಬಂದು, ಕೆ.ಆರ್. ಪುರದ ವಠಾರವೊಂದರಲ್ಲಿ ಅಣ್ಣ ಅತ್ತಿಗೆಯರ ಜೊತೆ ಒಂದೇ ಕೋಣೆಯಲ್ಲಿದ್ದ ಲಕ್ಷ್ಮಿಕಾಂತನಿಗೆ ತನ್ನ ರಕ್ತದ ಬಗ್ಗೆ ಹೆಮ್ಮೆ ಹುಟ್ಟಿದ್ದು ಕೆಲಸಕ್ಕೆ ಸೇರಿದ ಮೇಲೆಯೇ. ಅಲ್ಲಿಯ ತನಕ ಅವನಿಗೂ ರಕ್ತಕ್ಕೂ ಅಂಥ ಒಡನಾಟವಿರಲಿಲ್ಲ. ಊರಲ್ಲಿ ಜಾಲಿಮುಳ್ಳು ಚುಚ್ಚಿದಾಗ ಬರುತ್ತಿತ್ತು, ಮಣ್ಣು ಒತ್ತಿದರೆ ನಿಲ್ಲುತ್ತಿತ್ತು. ಅದು ಕೆಂಪಗಿರುತ್ತದೆ ಎಂಬುದರಾಚೆಗೆ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಅವನಿಗೆ ಕಂಡಿರಲಿಲ್ಲ.

ಇದು ತೊಂಬತ್ತೇಳನೆಯ ಇಸವಿಯ ಮಾತು. ಮನೆತನದಲ್ಲೇ ಮೊದಲ ಪದವೀಧರನಾದ ಲಕ್ಷ್ಮಿಕಾಂತ ಸೂಕ್ಷ್ಮಜೀವಿ ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ. ಹಲಸೂರು ಕೆರೆಯ ಹಿಂದಿನ ರಸ್ತೆಯಲ್ಲಿ, ದಂಡಿನ ಕಾಲದ ಹಳೆಯ ಬಂಗಲೆಯೊಂದರಲ್ಲಿ ಜಾನುವಾರು ರೋಗಗಳ ಒಂದು ಸಣ್ಣ ಪ್ರಯೋಗಾಲಯವಿತ್ತು. ಅಲ್ಲಿ ಸಹಾಯಕನಾದ. ಕೆಲಸ ತಾತ್ಕಾಲಿಕ. ದೆಹಲಿಯಿಂದ ದೊಡ್ಡ ವಿಜ್ಞಾನಿಯೊಬ್ಬರು ಬಂದು ನೋಡಿ ಸೈ ಎಂದರೆ ಮುಂದುವರಿಯುತ್ತದೆ, ಇಲ್ಲವಾದರೆ ಆ ತಿಂಗಳಿಗೇ ಮುಗಿಯುತ್ತದೆ. ಅಣ್ಣ ಅಂಬಣ್ಣ ಗಾರೆ ಕೆಲಸದವನು. ತಮ್ಮನಿಗೆ ಬೆಂಗಳೂರಲ್ಲಿ 'ಸೈಂಟಿಸ್ಟ್ ನೌಕರಿ' ಆಗಿದೆ ಎಂದು ಊರಿಗೆಲ್ಲ ಆಗಲೇ ಸುದ್ದಿ ಮುಟ್ಟಿಸಿಬಿಟ್ಟಿದ್ದ. ಹಾಗಾಗಿ ಈ ಕೆಲಸ ಹೋದರೆ ಲಕ್ಷ್ಮಿಕಾಂತ ಬಸ್ಸು ಹತ್ತಿ ಊರಿಗೆ ಹೋಗುವಂತೆಯೂ ಇರಲಿಲ್ಲ.

ಪ್ರಯೋಗಾಲಯದಲ್ಲಿ ಇದ್ದವರೇ ನಾಲ್ಕು ಜನ. ಮುಖ್ಯಸ್ಥ ಡಾ. ವಾದಿರಾಜ, ಪಶುವೈದ್ಯರು, ಬಲು ಶಿಸ್ತಿನ ಮನುಷ್ಯ. ಟೈಪಿಸ್ಟ್ ಶಾಂತಕುಮಾರಿ. ವ್ಯಾನು ಓಡಿಸುವ ಸೀನ. ಮತ್ತೆ ಲಕ್ಷ್ಮಿಕಾಂತ. ಇವರೆಲ್ಲರೂ ಸೇರಿ ಮಾಡುತ್ತಿದ್ದ ಕೆಲಸದ ಹೆಸರು 'ದನ, ಆಡು ಮತ್ತು ಮನುಷ್ಯರಲ್ಲಿ ಬ್ರುಸೆಲ್ಲಾ ರೋಗಾಣುಗಳ ತುಲನಾತ್ಮಕ ಅಧ್ಯಯನ'. ಈ ಹೆಸರನ್ನು ಅತ್ತಿಗೆ ಗಂಗಾಳಿಗೆ ಅರ್ಥ ಮಾಡಿಸಲು ಲಕ್ಷ್ಮಿಕಾಂತ ಒಂದು ಭಾನುವಾರ ಪೂರ್ತಿ ಒದ್ದಾಡಿದ.

"ಇಬ್ಬರು ಅಣ್ಣತಮ್ಮರು ಇದ್ದಂಗ ವೈನಿ. ಒಬ್ಬಾವ ದನದಾಗ ಇರ್ತಾನ, ಇನ್ನೊಬ್ಬಾವ ಆಡಿನಾಗ. ಗಬ್ಬ ಇದ್ದ ದನ ಕಂದು ಹಾಕ್ತಾವಲ್ಲ, ಅದು ಇವರ ಕೆಲಸ. ಹಸಿ ಹಾಲು ಕುಡದ್ರ ಮನಷ್ಯಾಗೂ ಬರ್ತಾರ."

"ಬಂದು ಏನು ಮಾಡ್ತಾರ?"

"ಸಂಜಿಮುಂದ ಜ್ವರ ತರ್ತಾರ. ಮುಂಜಾನಿ ಇಳೀತದ, ಮತ್ತ ಸಂಜಿಗಿ ಬರ್ತದ. ಸೊಂಟ ಹಿಡಿತದ. ಬೆವರು ಬರ್ತದ."

"ಇವರಿಬ್ಬರೂ ಒಂದs ಕೆಲಸ ಮಾಡ್ತಾರಂದ್ರ ಬ್ಯಾರಿ ಬ್ಯಾರಿ ಯಾಕ ನೋಡಬೇಕು? ಇಬ್ಬರಿಗೂ ಕೂಡೇ ನಾಕು ಬಡದು ಕಳಸ್ರಿ" ಎಂದು ಗಂಗಾ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು.

ಆದರೆ ಬೇರೆ ಬೇರೆ ನೋಡುವುದೇ ಲಕ್ಷ್ಮಿಕಾಂತನ ಹೊಟ್ಟೆಪಾಡು. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು, ಚಿಟಿಕೆ ರವೆ ಚೆಲ್ಲಿದ ಹಾಗೆ. ಸಾಕಲು ಕುಳಿತಾಗ ಮಾತ್ರ ಗುಣ ಗೊತ್ತಾಗುತ್ತಿತ್ತು. ದನದ್ದು ಬಲು ನಾಜೂಕು. ಬರೀ ಗಾಳಿಯಲ್ಲಿ ಬೆಳೆಯದು, ಅದಕ್ಕೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಬೇಕು. ಕೆಲವು ಬಣ್ಣ ಬೆರೆಸಿದ ಆಹಾರ ಇಟ್ಟರೆ ಮುನಿಸಿಕೊಳ್ಳುತ್ತಿತ್ತು. ಆಡಿನದ್ದು ಹಾಗಲ್ಲ. ಯಾವ ಗಾಳಿಯಾದರೂ ಸರಿ, ಯಾವ ಬಣ್ಣವಾದರೂ ಸರಿ, ಇಟ್ಟಲ್ಲಿ ಇದ್ದು ಕೊಟ್ಟಿದ್ದು ತಿಂದು ಬೆಳೆಯುತ್ತಿತ್ತು. ಮನುಷ್ಯನ ಮೈ ಹೊಕ್ಕರೆ ಮಾತ್ರ ಇದರದ್ದೇ ಆರ್ಭಟ ಹೆಚ್ಚು. ದನದ್ದನ್ನು ಕಂಡರೆ ಕಾರ್ಖಾನೆ ಕಾಲನಿಯ ಜನ ನೆನಪಾಗುತ್ತಾರೆ, ಆಡಿನದ್ದನ್ನು ಕಂಡರೆ ನಮ್ಮ ವಠಾರದವರು ನೆನಪಾಗುತ್ತಾರೆ ಎಂದು ಲಕ್ಷ್ಮಿಕಾಂತ ಒಮ್ಮೆ ಸೀನನಿಗೆ ಹೇಳಿದ್ದ.

ನಾಜೂಕಿನ ರೋಗಾಣುವಿಗೆ ಬೇಕಾದ ಗಾಳಿ ಒದಗಿಸುವ ಯಂತ್ರ ಇವರ ಬಳಿ ಇರಲಿಲ್ಲ. ಗಾಜಿನ ದೊಡ್ಡ ಭರಣಿಯೊಳಗೆ ತಟ್ಟೆಗಳನ್ನು ಜೋಡಿಸಿ, ನಡುವೆ ಮೇಣದಬತ್ತಿ ಹಚ್ಚಿಟ್ಟು, ಬಾಯಿ ಬಿಗಿಯಾಗಿ ಮುಚ್ಚುತ್ತಿದ್ದರು. ಬತ್ತಿ ಒಳಗಿನ ಆಮ್ಲಜನಕ ಕುಡಿದು ಆರುವಷ್ಟರಲ್ಲಿ ಬೇಕಾದ ಗಾಳಿ ತಯಾರಾಗುತ್ತಿತ್ತು. ಮೇಣದಬತ್ತಿಯನ್ನು ಶಿವಾಜಿನಗರದ ಚರ್ಚಿನ ಮುಂದೆ ಕೊಳ್ಳುವುದು ರೂಢಿ. ವಾರ ತಪ್ಪದೆ ಬಂದು ಕಟ್ಟುಗಟ್ಟಲೆ ಕೊಳ್ಳುವ ಲಕ್ಷ್ಮಿಕಾಂತನನ್ನು ಕಂಡು, ಅಂಗಡಿಯಾಕೆ ಒಂದು ದಿನ ಅವನ ತಲೆ ಮುಟ್ಟಿ, "ಕವಲೆಪಡಾದೇ ಕಣ್ಣಾ, ಮಾತಾ ನಿನ್ ಹರಕೆ ನಡೆಸಿ ಕೊಡ್ತಾಳೆ" ಎಂದು ಅರ್ಧ ತಮಿಳಿನಲ್ಲಿ ಸಮಾಧಾನ ಮಾಡಿದಳು. ದನಗಳಿಗೆ ಗರ್ಭಪಾತ ಮಾಡಿಸುವ ರೋಗಾಣುವಿನ ಸಲುವಾಗಿ ಹಚ್ಚುತ್ತಿದ್ದೇನೆ ಎಂದು ಹೇಳುವ ಧೈರ್ಯ ಅವನಿಗಾಗಲಿಲ್ಲ. ಕೈ ಮುಗಿದು ಬಂದ.

ಇನ್ನು ರಕ್ತದ ಸಂಗತಿ. ಪ್ರಾಣಿಗಾಗಲಿ ಮನುಷ್ಯನಿಗಾಗಲಿ ಈ ರೋಗ ತಗಲಿದೆಯೇ ಎಂದು ನೋಡಲು ಒಂದು ಸುಲಭದ ಪರೀಕ್ಷೆ ಇತ್ತು. ರಕ್ತ ಹೆಪ್ಪುಗಟ್ಟಿದಾಗ ಮೇಲೆ ನಿಲ್ಲುವ ತಿಳಿಯ ಒಂದು ಹನಿಯನ್ನು ಬಿಳಿ ಬಿಲ್ಲೆಯ ಮೇಲೆ ಹಾಕಿ, ಅದಕ್ಕೆ ಗುಲಾಬಿ ಬಣ್ಣದ ಔಷಧದ ಹನಿ ಬೆರೆಸಿ ಅಲುಗಾಡಿಸಬೇಕು. ರೋಗ ಇಲ್ಲದಿದ್ದರೆ ಶರಬತ್ತಿನಂತೆ ನುಣ್ಣಗೆ ಇರುತ್ತದೆ. ಇದ್ದರೆ ಒಡೆದ ಹಾಲಿನಂತೆ ಹರಳುಹರಳಾಗುತ್ತದೆ. ಪರೀಕ್ಷೆ ಸರಿಯಿದೆ ಎಂದು ತೋರಿಸಲು ಪಕ್ಕದಲ್ಲಿ ಯಾವಾಗಲೂ ಎರಡು ಸಾಕ್ಷಿ ಹನಿ ಬೇಕು. ಖಂಡಿತ ರೋಗವಿರುವ ರಕ್ತದ್ದೊಂದು, ಅದು ಪಾಸಿಟಿವ್. ಖಂಡಿತ ಇಲ್ಲದ್ದೊಂದು, ಅದು ನೆಗೆಟಿವ್. ಪಾಸಿಟಿವ್ ತಿಳಿ ಸೀಸೆಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ನೆಗೆಟಿವ್ ಮುಗಿದೇಹೋಗಿತ್ತು.

"ರೀ ಲಕ್ಷ್ಮಿಕಾಂತ್, ಇಲ್ಲಿ ಒಂದು ಸಂಪ್ರದಾಯ ಇದೆ" ಎಂದರು ವಾದಿರಾಜರು. "ಹೊಸದಾಗಿ ಸೇರಿದವರು ರಕ್ತ ಕೊಡಬೇಕು. ನೀವು ಹಳ್ಳಿ ಗಾಳಿ ಕುಡಿದು ಬೆಳೆದೋರು. ನಿಮಗಿಂತ ಆರೋಗ್ಯವಂತರು ಎಲ್ಲಿ ಸಿಗ್ತಾರೆ?"

ಹೊಸ ಸೊಸೆ ಹೊಸ್ತಿಲ ಮೇಲಿನ ಅಕ್ಕಿ ಸೇರು ಒದ್ದು ಒಳಗೆ ಬರುವ ಹಾಗೆ, ಹೊಸ ಸಹಾಯಕ ತೋಳು ಚಾಚಿ ಒಳಗೆ ಬರಬೇಕು. ಲಕ್ಷ್ಮಿಕಾಂತ ಸಂತೋಷದಿಂದಲೇ ಚಾಚಿದ. ತೆಗೆದ ತಿಳಿಯನ್ನು ವಾದಿರಾಜರು ಸೀಸೆಗೆ ಹಾಕಿ, 'ಆರೋಗ್ಯವಂತ ಮನುಷ್ಯ' ಎಂದು ಚೀಟಿ ಅಂಟಿಸಿ, ಫ್ರಿಜ್‌ನಲ್ಲಿಟ್ಟರು. ಅದನ್ನು ಪರೀಕ್ಷಿಸಿ ನೋಡುವ ಯೋಚನೆ ಇಬ್ಬರಿಗೂ ಬರಲಿಲ್ಲ. ಗಂಧದ ಕೊರಡನ್ನು ಯಾರಾದರೂ ಮೂಸಿ ನೋಡಿ ಗಂಧವೋ ಅಲ್ಲವೋ ಎನ್ನುತ್ತಾರೆಯೇ?

ಆ ಸಂಜೆ ಅಂಬಣ್ಣ ವಠಾರದ ನಲ್ಲಿಯ ಹತ್ತಿರ ನಿಂತು ಸಾರಿದ: "ನಮ್ಮ ತಮ್ಮನ ರಕ್ತ ಫ್ರಿಜ್‌ನಾಗ ಇಟ್ಟಾರ! ಇನ್ನ ಬೆಂಗಳೂರಾಗಿನ ದನ, ಆಡು, ಮಂದಿ, ಎಲ್ಲರ ರಕ್ತನೂ ಅವನ ರಕ್ತದ ಮಗ್ಗಲ ಇಟ್ಟು ನೋಡ್ತಾರಂತ!"

"ಫ್ರಿಜ್‌ನಾಗ!" ಎಂದು ವಠಾರ ಬೆರಗಾಯಿತು. ಇಡೀ ವಠಾರದಲ್ಲಿ ಯಾರೊಬ್ಬರ ಮನೆಯಲ್ಲೂ ಫ್ರಿಜ್ ಇರಲಿಲ್ಲ. ಲಕ್ಷ್ಮಿಕಾಂತನ ರಕ್ತ ಅವನಿಗಿಂತ ಮೊದಲೇ ದೊಡ್ಡಮನುಷ್ಯನಾಗಿತ್ತು.

ದೆಹಲಿಯವರು ಬರುವ ವಾರ ಹತ್ತಿರವಾಯಿತು. ಅವರ ಮುಂದೆ ತಪ್ಪಾಗದಿರಲೆಂದು ಲಕ್ಷ್ಮಿಕಾಂತ ಒಂದು ಮಧ್ಯಾಹ್ನ ಒಬ್ಬನೇ ಕುಳಿತು ಪರೀಕ್ಷೆಯ ತಾಲೀಮು ಮಾಡಿದ. ಪಾಸಿಟಿವ್ ಹನಿ ಎಂದಿನಂತೆ ಒಡೆಯಿತು. ಪಕ್ಕದಲ್ಲಿ ತನ್ನ ಹನಿ ಹಾಕಿ, ಔಷಧ ಬೆರೆಸಿ, ತೊಟ್ಟಿಲು ತೂಗುವಂತೆ ಬಿಲ್ಲೆಯನ್ನು ಮೆಲ್ಲಗೆ ತೂಗಿದ. ಎರಡು ಸಲ ತೂಗುವಷ್ಟರಲ್ಲಿ ಅದೂ ಒಡೆಯಿತು. ಹಾಗೆ ಹೀಗೆ ಅಲ್ಲ, ಪಾಸಿಟಿವ್ ಹನಿಯೇ ನಾಚಬೇಕು, ಹಾಗೆ.

ಬಿಲ್ಲೆ ಕೊಳೆಯಾಗಿದೆ ಎಂದುಕೊಂಡ. ತೊಳೆದ. ಮತ್ತೆ ಹಾಕಿದ. ಒಡೆಯಿತು. ತನ್ನ ಕೈಯೇ ಕೊಳೆಯಾಗಿರಬೇಕೆಂದು ಕೈ ತೊಳೆದ. ಒಡೆಯಿತು. ಕೊನೆಗೆ ಮುಖವನ್ನೂ ತೊಳೆದು ಬಂದು ಹಾಕಿದ. ಗುಲಾಬಿ ಹರಳುಗಳು ಬಿಲ್ಲೆಯ ತುಂಬ ಹರಡಿ ಅವನನ್ನೇ ನೋಡುತ್ತಿದ್ದವು.

ಆಗ ಲಕ್ಷ್ಮಿಕಾಂತನ ತಲೆಯಲ್ಲಿ ಒಂದೊಂದೇ ಸಂಗತಿ ಕೂಡಿಕೊಂಡಿತು. ಸಂಜೆಯಾದರೆ ಮೈ ಬಿಸಿಯಾಗುವುದು ಟಿನ್ ಫ್ಯಾಕ್ಟರಿ ಹತ್ತಿರದ ಬಸ್ಸಿನ ನೂಕಾಟದಿಂದ ಎಂದು ಅವನು ನಂಬಿದ್ದ. ಸೊಂಟ ನೋವು ಬಂದಾಗ ವಠಾರದ ನೆಲವನ್ನು ಬೈದಿದ್ದ. ಬೆವರಿಗೆ ತಗಡಿನ ಮಾಡನ್ನು ದೂರಿದ್ದ. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಈ ಮೂರು ಲಕ್ಷಣಗಳನ್ನು ಬರೆದು ಅಂಕ ತೆಗೆದುಕೊಂಡ ಮನುಷ್ಯನಿಗೆ, ಮೂರೂ ತನ್ನ ಮೈಮೇಲೆ ಕುಳಿತಿದ್ದು ಕಂಡಿರಲಿಲ್ಲ. ರೋಗ ಇರುವವನನ್ನು ಯಾವ ಪ್ರಯೋಗಾಲಯ ಇಟ್ಟುಕೊಳ್ಳುತ್ತದೆ? ಅದೂ 'ಆರೋಗ್ಯವಂತ ಮನುಷ್ಯ' ಎಂದು ಚೀಟಿ ಅಂಟಿಸಿಕೊಂಡವನನ್ನು?

ಉಳಿದಿದ್ದು ಒಂದೇ ದಾರಿ. ಸೀಸೆಯೊಳಗಿನ ರಕ್ತ ಬದಲಾಗಬೇಕು. ದೆಹಲಿಯವರು ಬಂದುಹೋಗುವ ತನಕ ಸಾಕು, ಆಮೇಲೆ ತಾನೇ ಎಲ್ಲ ಹೇಳಿಬಿಡುವುದು ಎಂದು ಮನಸ್ಸಿಗೆ ಸಮಜಾಯಿಷಿ ಕೊಟ್ಟು, ಲಕ್ಷ್ಮಿಕಾಂತ ಆರೋಗ್ಯವಂತರನ್ನು ಹುಡುಕಲು ಹೊರಟ.

ಮೊದಲು ಕಣ್ಣಿಗೆ ಬಿದ್ದವನು ಸೀನ. ಹಲಸೂರಿನ ಗರಡಿಯಲ್ಲಿ ಸಾಮು ಮಾಡುವವನು, ತೋಳು ಎಂದರೆ ತೊಲೆ. ಆದರೆ ಸೂಜಿ ಕಂಡ ಕೂಡಲೇ ಆ ತೊಲೆ ನಡುಗಿತು.

"ಗುರು, ಬೇಕಾದ್ರೆ ಎರಡೇಟು ಹೊಡಿ, ಮೂಗಲ್ಲಿ ರಕ್ತ ಬರುತ್ತೆ, ಹಿಡ್ಕೋ. ಸೂಜಿ ಬೇಡ."

"ಇರುವಿ ಕಡಿದಂಗ ಆಗ್ತದಪಾ, ಅಷ್ಟs."

"ನಂಗೆ ಇರುವೆ ಕಂಡ್ರೂ ಆಗಲ್ಲ ಮಗಾ."

ಕಣ್ಣು ಮುಚ್ಚಿಸಿ, ಆಂಜನೇಯನ ಹೆಸರು ಹೇಳಿಸಿ, ಅಂತೂ ತೆಗೆದದ್ದಾಯಿತು. ತಿಳಿ ನಿಂತ ಮೇಲೆ ಹನಿ ಹಾಕಿದ. ಒಡೆಯಿತು. ಲಕ್ಷ್ಮಿಕಾಂತ ತಲೆ ಮೇಲೆ ಕೈ ಹೊತ್ತು ಕುಳಿತ.

"ನೀ ಹಸಿ ಹಾಲು ಕುಡೀತಿಯೇನು?"

"ದಿನಾ. ಗರಡಿ ಮುಗಿಸ್ಕೊಂಡು ಶಿವಾಜಿನಗರಕ್ಕೆ ಹೋಗ್ತೀನಿ. ಇಮಾಮ್ ಬೀ ಮೇಕೆಯಿಂದ ಲೋಟಕ್ಕೆ ಕರೆದು ಕೊಡ್ತಾರೆ. ನೊರೆ ಸಮೇತ. ಯಾಕೆ, ಏನಾಯ್ತು?"

ಲಕ್ಷ್ಮಿಕಾಂತ ರೋಗದ ಹೆಸರು ಹೇಳಿದ. ವ್ಯಾನಿನಲ್ಲಿ ಇಷ್ಟು ದಿನ ದನದ ರಕ್ತ ಸಾಗಿಸಿದ್ದ ಸೀನನಿಗೆ ಆ ರೋಗದ ಬಗ್ಗೆ ಒಂದೇ ಒಂದು ವಿಷಯ ಗೊತ್ತಿತ್ತು. ಅವನು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡ.

"ಗುರು... ನಂಗೂ ಅಬಾರ್ಷನ್ ಆಗ್ಬಿಡುತ್ತಾ?"

"ಆಗಂಗಿಲ್ಲೋ ಮಾರಾಯ."

"ಗ್ಯಾರಂಟೀನಾ?"

ಮಾರನೆಯ ದಿನ ಲಕ್ಷ್ಮಿಕಾಂತ ಅವನನ್ನು ತಾನೇ ಆಸ್ಪತ್ರೆಗೆ ಕರೆದೊಯ್ದು ಮಾತ್ರೆ ಬರೆಸಿಕೊಟ್ಟ. ವಾರಗಟ್ಟಲೆ ತಪ್ಪದೆ ನುಂಗಬೇಕು ಎಂದು ಡಾಕ್ಟರು ಹೇಳಿದರು. ಮುಂದಿನ ಕುರ್ಚಿಯಲ್ಲೇ ಕುಳಿತಿದ್ದ ಲಕ್ಷ್ಮಿಕಾಂತ ತನ್ನ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ಮಾತ್ರೆ ನುಂಗಿದ ದಿನವೇ ಸೀನ ಬಂಗಲೆಯ ಹಿತ್ತಿಲಿನಿಂದ ಓಡಿ ಬಂದು, "ಲೇ, ಕಿತ್ತಳೆ ಜ್ಯೂಸ್ ಬರ್ತಿದೆ ಕಣೋ!" ಎಂದು ಕಿರುಚಿದ. ಮೂತ್ರಕ್ಕೆ ಬಂದಿರುವುದು ಮಾತ್ರೆಯ ಬಣ್ಣ, ಹೆದರಬೇಡ ಎಂದು ಹೇಳಿದ ಮೇಲೆ ಅದನ್ನು ತೋರಿಸಲು ಗರಡಿಯವರನ್ನೆಲ್ಲ ಕರೆಯತೊಡಗಿದ.

ಆಡುಗಳ ಗತಿ ಏನು? ಲಕ್ಷ್ಮಿಕಾಂತ ಇಮಾಮ್ ಬೀಯ ಬಳಿ ಹೋದ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಬಾಗಿಲ ಮೆಟ್ಟಿಲ ಮೇಲೆ ಆಕೆ ಕುಳಿತಿದ್ದರು. ಎರಡು ಆಡುಗಳು ಯಾರದೋ ಮದುವೆಯ ಪೋಸ್ಟರು ತಿನ್ನುತ್ತಿದ್ದವು. ರಕ್ತ ತೆಗೆಯುವಾಗ ಆಡುಗಳು ಸೀನನಿಗಿಂತ ಗಂಭೀರವಾಗಿ ನಿಂತಿದ್ದವು. ಎರಡೂ ಪಾಸಿಟಿವ್. ಮರುದಿನ ಬಂದು ಹೇಳಿದ.

"ಅರೆ ಬೇಟಾ, ನನ್ ಬಕ್ರೀಗೆ ಬದ್ನಾಮ್ ಮಾಡ್ಬೇಡಪ್ಪ. ಇದರ ಹಾಲು ಕುಡ್ದು ಪೈಲ್ವಾನ್ ಆಗವ್ರೆ ಜನ."

"ಆ ಪೈಲ್ವಾನಗs ಜ್ವರ ಬಂದದ ಅಮ್ಮ. ನೀವೂ ಕುಡೀತಿರೇನು?"

"ನಾನಾ? ತೋಬಾ! ಆ ವಾಸ್ನೆ ಯಾರ್ ಕುಡೀತಾರೆ? ನಂಗೆ ಚಾಯ್ ಸಾಕು."

ಲಕ್ಷ್ಮಿಕಾಂತನಿಗೆ ಒಂದು ಕ್ಷಣ ಆಸೆ ಹುಟ್ಟಿತು. ಆದರೆ ಮರಿ ಹಾಕಿಸುವುದು, ಸತ್ತು ಹುಟ್ಟಿದ್ದನ್ನು ಎತ್ತಿ ಹಾಕುವುದು ಎಲ್ಲ ಆಕೆಯ ಬರಿಗೈಯಲ್ಲೇ ಎಂದು ಗೊತ್ತಾದಾಗ ಆಸೆ ಅಲ್ಲೇ ಆರಿತು. ಈ ರೋಗಾಣುವಿಗೆ ಬಾಯಿಯೇ ಬೇಕೆಂದಿಲ್ಲ, ಗೀರಿದ ಕೈಯೂ ಸಾಕು. ಆಕೆಗೂ ಆಸ್ಪತ್ರೆಯ ದಾರಿ ಹೇಳಿದ. ಹಾಲನ್ನು ಚೆನ್ನಾಗಿ ಉಕ್ಕಿಸದೆ ಯಾರಿಗೂ ಕೊಡಬೇಡಿ ಎಂದು ಗೋಗರೆದ. ಇಮಾಮ್ ಬೀ ಆಡುಗಳ ಕಡೆ ನೋಡಿ, "ಹಂಗಾದ್ರೆ ಎಲ್ಲಾ ಹಾಲೂ ಚಾಯ್‌ಗೆ ಹಾಕಿ ಮಾರ್ತೀನಿ. ಪೈಲ್ವಾನ್ರೂ ಚಾಯ್ ಕುಡೀಲಿ, ಸಾಯಲ್ಲ" ಎಂದರು. ಅಂದಿನಿಂದ ಗರಡಿಯವರು ಲೋಟಗಟ್ಟಲೆ ಟೀ ಕುಡಿಯುವುದು ಶುರುವಾಯಿತು.

ಮನೆಯಲ್ಲಿ ಗಂಗಾ, ಅಂಬಣ್ಣ ಇಬ್ಬರೂ ಊರಲ್ಲಿ ಅವನ ಹಾಗೇ ಆಡಿನ ಹಸಿ ಹಾಲು ಕುಡಿದವರು, ಅವರನ್ನು ನೆಚ್ಚುವಂತಿರಲಿಲ್ಲ. ವಠಾರದವರೂ ಅಷ್ಟೇ. ದೆಹಲಿಯವರು ಬರುವ ಹಿಂದಿನ ದಿನ ಲಕ್ಷ್ಮಿಕಾಂತ ಇಂಗು ತಿಂದ ಮಂಗನಂತೆ ಕುಳಿತಿದ್ದಾಗ, ಶಾಂತಕುಮಾರಿ ಅವನ ಮೇಜಿನ ಮೇಲೆ ಫ್ಲಾಸ್ಕಿನ ಕಾಫಿ ಇಟ್ಟರು. ಆಕೆಯ ಗಂಡನಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ, ಮನೆ ದೂರವಾಣಿನಗರದ ಕಾಲನಿಯಲ್ಲಿ. ಲಕ್ಷ್ಮಿಕಾಂತ ಒಂದು ಗುಟುಕು ಕುಡಿದು ನೆಟ್ಟಗೆ ಕುಳಿತ. ಕಾಫಿ ಸೀದ ವಾಸನೆ ಹೊಡೆಯುತ್ತಿತ್ತು.

"ಮೇಡಂ, ಹಾಲು ಎಷ್ಟೊತ್ತು ಕಾಯಸ್ತೀರಿ?"

"ಉಕ್ಕಿಸ್ತೀನಿ, ಇಳಿಸ್ತೀನಿ, ಮತ್ತೆ ಉಕ್ಕಿಸ್ತೀನಿ. ನಂಗೆ ಸಮಾಧಾನ ಆಗೋವರ್ಗೂ. ನೀನು ಕಾಫಿ ಮಾಡ್ತಿದ್ದೀಯೋ ಕೋವಾ ಮಾಡ್ತಿದ್ದೀಯೋ ಅಂತ ನಮ್ಮನೆಯವ್ರು ದಿನಾ ಆಡ್ಕೋತಾರೆ. ಯಾಕೆ, ಚೆನ್ನಾಗಿಲ್ವಾ?"

"ಅಮೃತ ಆಗ್ಯಾದ್ರಿ" ಎಂದ ಲಕ್ಷ್ಮಿಕಾಂತ, ಸೂಜಿ ಹುಡುಕುತ್ತ.

ವಿಷಯ ಕೇಳಿ ಶಾಂತಕುಮಾರಿ ಮೊದಲು ಬೈದರು, ಆಮೇಲೆ ಅವನ ಮುಖ ನೋಡಿ ಕರಗಿದರು. "ಒಂದೇ ಸಲ ಕೊಡ್ತೀನಿ. ನನ್ ಹೆಸರು ಮಾತ್ರ ಎಲ್ಲೂ ಬರಬಾರ್ದು. ಆಫೀಸಲ್ಲಿ ರಕ್ತ ಕೊಟ್ಟೆ ಅಂತ ಗೊತ್ತಾದ್ರೆ ನಮ್ಮತ್ತೆ ತಿಂಗಳೆಲ್ಲ ಬೀಟ್‌ರೂಟ್ ತಿನ್ನಿಸ್ತಾರೆ." ಆಕೆಯ ಹನಿ ಬಿಲ್ಲೆಯ ಮೇಲೆ ಶರಬತ್ತಿನಂತೆ ನುಣ್ಣಗೆ ನಿಂತಿತು. ಆ ತಿಳಿಯನ್ನು 'ಆರೋಗ್ಯವಂತ ಮನುಷ್ಯ'ನ ಸೀಸೆಗೆ ತುಂಬುವಾಗ ಲಕ್ಷ್ಮಿಕಾಂತನ ಕಣ್ಣು ತುಂಬಿ ಬಂತು.

ಮರುದಿನ ಬಂದ ವಿಜ್ಞಾನಿಯ ಹೆಸರು ಡಾ. ಜಹನಾರಾ. ಇದ್ದದ್ದು ದೆಹಲಿಯಲ್ಲಿ, ಹುಟ್ಟಿ ಬೆಳೆದದ್ದು ಶಿವಾಜಿನಗರದಲ್ಲಿ. ಕನ್ನಡ ಸರಾಗ. ಭರಣಿಯೊಳಗಿನ ಮೇಣದಬತ್ತಿ ನೋಡಿ, "ಇದು ನಮ್ಮ ಚರ್ಚ್ ಮುಂದಿಂದು ತಾನೇ?" ಎಂದು ನಕ್ಕರು. ತಟ್ಟೆಗಳನ್ನು ಒಂದೊಂದಾಗಿ ಎತ್ತಿ, ದನದ ರೋಗಾಣು ಎಲ್ಲಿ ಮುನಿಸಿಕೊಂಡಿದೆ, ಆಡಿನದ್ದು ಎಲ್ಲಿ ಮೆರೆದಿದೆ ಎಂದು ನೋಡಿ ತಲೆದೂಗಿದರು. ವಾದಿರಾಜರ ಮುಖ ಅರಳಿತು. ಲಕ್ಷ್ಮಿಕಾಂತ ಬಿಲ್ಲೆಯ ಪರೀಕ್ಷೆ ಮಾಡಿ ತೋರಿಸಿದ. ಪಾಸಿಟಿವ್ ಸೀಸೆಯನ್ನು ತಲೆಕೆಳಗು ಮಾಡಿ ಬಡಿದಾಗ ಕೊನೆಯ ಹನಿ ಬಿತ್ತು, ಒಡೆಯಿತು. 'ಆರೋಗ್ಯವಂತ ಮನುಷ್ಯ' ನುಣ್ಣಗೆ ನಿಂತ.

"ಬಹಳ ಕ್ಲೀನಾಗಿದೆ. ಈ ನೆಗೆಟಿವ್ ಯಾರದು?"

"ಇವರದೇ ಮೇಡಂ" ಎಂದು ವಾದಿರಾಜರು ಲಕ್ಷ್ಮಿಕಾಂತನ ಬೆನ್ನು ತಟ್ಟಿದರು. "ಹಳ್ಳಿ ರಕ್ತ."

"ಹೌದಾ? ಊರಲ್ಲಿ ಆಡು ಸಾಕಿದ್ರಾ?"

"ಸಾಕಿದ್ವಿರಿ."

"ಹಾಲು ಕಾಯಿಸಿ ಕುಡೀತಿದ್ರಾ?"

ಸುಳ್ಳು ಹೇಳಲು ಬಾಯಿ ತೆರೆದ. ಆದರೆ ಇಷ್ಟು ನೇರವಾದ ಪ್ರಶ್ನೆಗೆ ಸುಳ್ಳು ತಯಾರಿರಲಿಲ್ಲ. "ಅಡವ್ಯಾಗ ಒಲಿ ಎಲ್ಲಿ ಬರ್ತದ್ರಿ ಮೇಡಂ... ಆಡಿನ ಕೆಳಗ ಕುಂತು ಬಾಯಾಗs ಹಿಂಡಿಕೊಳ್ತಿದ್ವಿ."

ಜಹನಾರಾ ಕನ್ನಡಕ ಸರಿಮಾಡಿಕೊಂಡು ಬಿಲ್ಲೆಯನ್ನೂ ಅವನನ್ನೂ ನೋಡಿದರು. "ಹಾಗೆ ಬೆಳೆದೋರ ರಕ್ತ ಇಷ್ಟು ನುಣ್ಣಗಿದ್ರೆ ಅದೇ ಒಂದು ದೊಡ್ಡ ಸಂಶೋಧನೆ. ಇನ್ನೊಂದ್ಸಲ ತೆಗೀರಿ, ನನ್ ಎದುರಿಗೇ ನೋಡೋಣ."

ರಕ್ತ ತೆಗೆದರು. ಅದು ಹೆಪ್ಪುಗಟ್ಟುವ ತನಕ ಕಾಯಬೇಕು. ಅಷ್ಟರಲ್ಲಿ ಹಲಸೂರು ಬಜಾರಿನಿಂದ ಸೀನ ತಂದ ವಡೆ ಚಟ್ನಿ ಬಂತು. ಎಲ್ಲರೂ ತಿಂದರು. ಲಕ್ಷ್ಮಿಕಾಂತನ ಕೈಯಲ್ಲಿದ್ದ ವಡೆ ಬಾಯಿಯ ತನಕ ಬಂದು ಬಂದು ತಟ್ಟೆಗೇ ಮರಳಿತು. ನೇಣುಗಂಬದ ಪಕ್ಕದಲ್ಲೇ ತಿಂಡಿಯ ಏರ್ಪಾಡು ಮಾಡಿದಂತಿತ್ತು ಅವನ ಪಾಲಿಗೆ. ಶಾಂತಕುಮಾರಿ ಬಾಗಿಲಲ್ಲಿ ನಿಂತು, ಏನೂ ಗೊತ್ತಿಲ್ಲದವರಂತೆ ಸೂರು ನೋಡುತ್ತಿದ್ದರು.

ಹನಿ ಬಿತ್ತು. ಒಡೆಯಿತು.

"ಔಷಧ ಕೆಟ್ಟಿದೆ!" ಎಂದು ವಾದಿರಾಜರು ಎದ್ದು ನಿಂತರು. "ಇದು ಸಾಧ್ಯವೇ ಇಲ್ಲ. ನನ್ನ ರಕ್ತ ತೆಗೀರಿ. ನಾನು ಆಡಿನ ಹಾಲನ್ನ ಕಣ್ಣಲ್ಲೂ ನೋಡಿಲ್ಲ. ನುಣ್ಣಗೆ ನಿಲ್ಲಲಿಲ್ಲ ಅಂದ್ರೆ ಈ ಕೆಲಸಾನೇ ಬಿಡ್ತೀನಿ!"

ಅವರ ರಕ್ತವನ್ನೂ ತೆಗೆದರು. ಮತ್ತೆ ಕಾಯಬೇಕು. ಈ ಸಲ ಕೇಸರಿಬಾತ್ ಬಂತು. ವಾದಿರಾಜರು ಗತ್ತಿನಿಂದ ಎರಡು ಸಲ ಹಾಕಿಸಿಕೊಂಡರು. ಆಮೇಲೆ ಹನಿ ಬಿತ್ತು, ಬಿಲ್ಲೆ ತೂಗಿತು, ಎಲ್ಲರೂ ಬಗ್ಗಿದರು. ಅದೂ ಒಡೆಯಿತು.

ಜಹನಾರಾ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

"ಕಡಸುಗಳಿಗೆ ಈ ರೋಗದ ಲಸಿಕೆ ಹಾಕಿದ್ದುಂಟಾ?" ಎಂದು ಮೆಲ್ಲಗೆ ಕೇಳಿದರು.

ವಾದಿರಾಜರು ತಮ್ಮ ಎಡ ಹೆಬ್ಬೆರಳನ್ನು ನೋಡಿಕೊಂಡರು. "ಹೊಸಕೋಟೇಲಿದ್ದಾಗ... ಒಂದು ಕಡಸು ಒದೀತು. ಸೂಜಿ ನನಗೇ ಹೊಕ್ತು. ಒಂದಲ್ಲ, ಮೂರ್ನಾಲ್ಕು ಸಲ ಹಾಗಾಗಿದೆ."

"ಜೀವ ಇರೋ ಲಸಿಕೆ ಅದು. ಆಮೇಲೆ ಇಷ್ಟು ವರ್ಷ ಇದೇ ಲ್ಯಾಬಲ್ಲಿ ಕೈಯಾಡಿಸ್ತಿದ್ದೀರಿ. ನಿಮ್ಮದು ದನದ ಕಡೆಯದ್ದು, ಇವರದು ಆಡಿನ ಕಡೆಯದ್ದು." ಜಹನಾರಾಗೆ ನಗು ತಡೆಯಲಾಗಲಿಲ್ಲ. "ನಿಮ್ಮ ಅಧ್ಯಯನದ ಹೆಸರೇನಂದ್ರಿ? ದನ, ಆಡು ಮತ್ತು ಮನುಷ್ಯ? ಎಲ್ಲಾ ಇಲ್ಲೇ ಕುರ್ಚಿ ಹಾಕ್ಕೊಂಡು ಕೂತಿದೆಯಲ್ರೀ!"

"ಮೇಡಂ, ನಿಮ್ಮದೂ ಒಂದ್ಸಲ..." ಎಂದ ಸೀನ, ಉತ್ಸಾಹದಿಂದ ಸೂಜಿಯ ಕಡೆ ಕೈ ತೋರಿಸಿ.

"ನನ್ನದು ಬೇಡಪ್ಪ. ನಮ್ಮಜ್ಜಿ ಮನೇಲಿ ಆರು ಮೇಕೆ ಇದ್ವು" ಎಂದು ಅವರು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. "ಅದಿರ್ಲಿ. ಮೊದಲು ನುಣ್ಣಗೆ ನಿಂತಿತಲ್ಲ, ಆ ರಕ್ತ ಯಾರದು?"

ಲಕ್ಷ್ಮಿಕಾಂತ ಎದ್ದು ನಿಂತ. "ಶಾಂತಕುಮಾರಿ ಮೇಡಂದ್ರಿ. ತಪ್ಪು ನಂದು, ಅವರದಲ್ಲ. ನಂದು ಒಡದಿದ್ದು ವಾರದ ಹಿಂದs ಗೊತ್ತಾಗಿತ್ತು. ನೌಕರಿ ಹೋಗ್ತದಂತ ಅಂಜಿ ಮುಚ್ಚಿಟ್ಟೆ."

"ಹೆಸರು ಹೇಳಲ್ಲ ಅಂದಿದ್ರಿ!" ಎಂದು ಬಾಗಿಲಿನಿಂದ ಶಾಂತಕುಮಾರಿ ಚೀರಿದರು. "ಇನ್ನು ಬೀಟ್‌ರೂಟ್ ನೀವೇ ಬಂದು ತಿನ್ನಿ!"

ಜಹನಾರಾ ನಗು ನಿಲ್ಲಿಸಿ ಗಂಭೀರವಾದರು. ಚೀಟಿ ಒಬ್ಬರದು, ರಕ್ತ ಇನ್ನೊಬ್ಬರದು ಎಂದರೆ ಇಲ್ಲಿಯ ಯಾವ ಫಲಿತಾಂಶ ನಂಬುವುದು ಎಂದು ಕೇಳಿದರು. ಈ ಸುಳ್ಳು ಸೀಸೆಯನ್ನು ಇವತ್ತಿನ ಹೊರತು ಬೇರೆ ಯಾವ ಪರೀಕ್ಷೆಗೂ ಬಳಸಿಲ್ಲ ಎಂಬುದನ್ನು ದಾಖಲೆ ಪುಸ್ತಕ ತಿರುವಿ ಖಚಿತ ಮಾಡಿಕೊಂಡರು. ಆಮೇಲೆ, ಸೀನನ ವಿಷಯ, ಇಮಾಮ್ ಬೀಯ ಆಡುಗಳ ವಿಷಯ ಎಲ್ಲವನ್ನೂ ಅವನ ಬಾಯಿಂದ ಬಿಡಿಸಿ ಬಿಡಿಸಿ ಕೇಳಿದರು. ಕೊನೆಗೆ ವಾದಿರಾಜರ ಕಡೆ ತಿರುಗಿದರು.

"ಇವನ ರಕ್ತ ಪರೀಕ್ಷೆ ಮಾಡದೆ ಆರೋಗ್ಯವಂತ ಅಂತ ಚೀಟಿ ಅಂಟಿಸಿದ್ದು ನೀವು. ಬದಲಾಯಿಸಿದ್ದು ಇವನು. ಇಬ್ಬರಿಗೂ ಬೈಬೇಕು, ಬೈದಿದ್ದೀನಿ ಅಂದ್ಕೊಳ್ಳಿ. ಆದ್ರೆ ಬದಲಿ ರಕ್ತ ಹುಡುಕೋಕೆ ಹೋಗಿ ಒಂದು ಗಲ್ಲಿಯ ರೋಗ ಪತ್ತೆ ಹಚ್ಚಿಕೊಂಡು ಬಂದಿದ್ದಾನೆ. ಇವನನ್ನ ಕಳಿಸಬೇಡಿ. ನಾಳೆನೇ ಇವನಿಗೆ ಚಿಕಿತ್ಸೆ ಶುರುವಾಗಲಿ."

ಲಕ್ಷ್ಮಿಕಾಂತನಿಗೆ ಅಳು ಬಂತೋ ನಗು ಬಂತೋ ಅವನಿಗೇ ತಿಳಿಯಲಿಲ್ಲ. ಆದರೆ ವಾದಿರಾಜರು ಖಾಲಿಯಾದ ಪಾಸಿಟಿವ್ ಸೀಸೆಯನ್ನು ಕೈಯಲ್ಲಿ ಹಿಡಿದು ಚಡಪಡಿಸುತ್ತಿದ್ದರು.

"ಮೇಡಂ, ಒಂದೇ ಒಂದು ವಿನಂತಿ. ಇಂಥ ಗಟ್ಟಿ ಪಾಸಿಟಿವ್ ರಕ್ತ ದುಡ್ಡು ಕೊಟ್ರೂ ಸಿಗಲ್ಲ. ಮಾತ್ರೆ ತಗೊಂಡ್ರೆ ದಿನ ಹೋದಂತೆ ಅದರ ಕಸುವು ಇಳಿದುಬಿಡುತ್ತೆ. ಮಾತ್ರೆ ನುಂಗೋಕೆ ಮುಂಚೆ ಒಂದು ಸಲ ತೆಗೆದಿಟ್ಕೋತೀವಿ."

"ನಿಮ್ಮದನ್ನೂ ತೆಗೆದಿಡಿ ಹಾಗಾದ್ರೆ" ಎಂದರು ಜಹನಾರಾ. "ಒಂದು ದನ, ಒಂದು ಆಡು. ಜೋಡಿ ಇರ್ಲಿ."

ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಮೊದಲ ಮಾತ್ರೆ ಜೇಬಿನಲ್ಲಿಟ್ಟುಕೊಂಡು ಲಕ್ಷ್ಮಿಕಾಂತ ಪ್ರಯೋಗಾಲಯಕ್ಕೆ ಬಂದ. ಸಾಹೇಬರೂ ಸಹಾಯಕನೂ ಅಕ್ಕಪಕ್ಕದ ಸ್ಟೂಲಿನ ಮೇಲೆ ತೋಳು ಚಾಚಿ ಕುಳಿತರು. ದೆಹಲಿಗೆ ಹೊರಡುವ ಮುಂಚೆ ಜಹನಾರಾ ತಾವೇ ಸೂಜಿ ಹಿಡಿದರು. ಸೂಜಿ ಕಂಡರೆ ಆಗದ ಸೀನ ಗೋಡೆಯ ಕಡೆ ಮುಖ ಮಾಡಿ, ಇಬ್ಬರಿಗೂ ಧೈರ್ಯ ಹೇಳುತ್ತ ನಿಂತ. ಆಚೆ ಕೋಣೆಯಲ್ಲಿ ಶಾಂತಕುಮಾರಿ ಟೈಪ್‌ರೈಟರಿಗೆ ಕಾಗದ ಏರಿಸಿ ಕೂಗಿದರು:

"ಸರ್, ಲಕ್ಷ್ಮಿಕಾಂತ ಅವರ ಆರ್ಡರು ಟೈಪ್ ಮಾಡ್ತಿದ್ದೀನಿ. ಹುದ್ದೆ ಏನಂತ ಹಾಕ್ಲಿ? ಸಹಾಯಕ ಅಂತ್ಲಾ, ಮೇಕೆ ಅಂತ್ಲಾ?"

ವಾದಿರಾಜರು ತೋಳಿನಲ್ಲಿ ಸೂಜಿ ಇಟ್ಟುಕೊಂಡೇ ಸ್ವಲ್ಪ ಹೊತ್ತು ಯೋಚಿಸಿದರು. ಅವರು ಯಾವ ಪ್ರಶ್ನೆಯನ್ನೂ ಹಗುರವಾಗಿ ತೆಗೆದುಕೊಳ್ಳುವವರಲ್ಲ.

"ಸಹಾಯಕ ಅಂತಲೇ ಹಾಕಮ್ಮ. ಮೇಕೆಗೆ ರಜೆ ಕೊಡೋಕೆ ನಿಯಮ ಇಲ್ಲ. ಇವರಿಗೆ ಒಂದು ವಾರ ರಜೆ ಬೇಕಾಗುತ್ತೆ."

ಲಕ್ಷ್ಮಿಕಾಂತ ಕಣ್ಣು ಮುಚ್ಚಿಕೊಂಡ. ಆಚೆ ಕೋಣೆಯಲ್ಲಿ ಟೈಪ್‌ರೈಟರು ಟಕಟಕನೆ ಓಡತೊಡಗಿತು.